ಅಡಗಿಸಿದ ಮೂರನೆಯ ಸಾಲು

"ಎರಡು ಗೆರೆ ಇತ್ತು ಅಕ್ಕ. ಒಂದಕ್ಕೊಂದು ಅಂಟಿಕೊಂಡ ಹಾಗೆ," ಎಂದ ತೌಫೀಕ್.

ದುಬೈಯ ನೈಫ್ ಬೀದಿಯ ಆ ಸೂಟ್‌ಕೇಸ್ ಅಂಗಡಿಯ ಹಿಂಬದಿಯಲ್ಲಿ, ಪ್ಲಾಸ್ಟಿಕ್ ಹೊದ್ದ ಬ್ಯಾಗುಗಳ ರಾಶಿಯ ನಡುವೆ ಅಶ್ಮಿತಾ ಬಂದು ಕೂತು ಕಾಲು ಗಂಟೆಯಾಗಿತ್ತು. ಎದುರಿಗಿದ್ದವನು ಅವಳ ಅಣ್ಣನನ್ನು ಕೊಂದವನು. ಅವನ ಮುಖಕ್ಕೆ ಉಗಿದು ಬರಬೇಕೆಂದೇ ಅಬುಧಾಬಿಯಿಂದ ಬಸ್ಸು ಹತ್ತಿದ್ದಳು.

ಎರಡೂವರೆ ವರ್ಷದ ಹಿಂದೆ, 2013ರ ಫೆಬ್ರವರಿಯ ಒಂದು ಗುರುವಾರ, ದುಬೈಯ ದಾಖಲೆ ಗೋದಾಮೊಂದರ ನಾಲ್ಕನೇ ಕೋಣೆಯಲ್ಲಿ ಸ್ಟೋರ್‌ಕೀಪರ್ ಪುರಂದರ ಉಸಿರುಗಟ್ಟಿ ಸತ್ತಿದ್ದ. ಬೆಂಕಿ ಆರಿಸಲೆಂದು ಇಟ್ಟಿದ್ದ ಗ್ಯಾಸು ಬೆಂಕಿಯೇ ಇಲ್ಲದ ಕೋಣೆಗೆ ನುಗ್ಗಿತ್ತು. ಅದನ್ನು ಬಿಟ್ಟದ್ದು ಕಂಟ್ರೋಲ್ ರೂಮಿನ ಆಪರೇಟರ್ ತೌಫೀಕ್‌ನ ಬೆರಳು. ಕೋರ್ಟು ಹದಿನಾಲ್ಕು ತಿಂಗಳು ಕೊಟ್ಟಿತು. ಅಶ್ಮಿತಾಳಿಗೆ ಅದು ಶಿಕ್ಷೆಯೇ ಅಲ್ಲ.

"ಮೊದಲಿಂದ ಹೇಳು," ಎಂದಳು. ಬಹುವಚನ ಕೊಡಲು ಅವಳ ನಾಲಗೆ ಒಪ್ಪಲಿಲ್ಲ.

ತೌಫೀಕ್ ಎದುರಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಬಾಲ್‌ಪೆನ್ನಿನಿಂದ ಚೌಕ ಎಳೆದ. "ಸ್ಕ್ರೀನಿನಲ್ಲಿ ಗೋದಾಮಿನ ನಕ್ಷೆ ಇರ್ತದೆ. ಇದು ನಾಲ್ಕನೇ ರೂಮು. ಅದರ ಒಳಗಿನ ಹ್ಯಾಂಡಲ್ ಕೆಟ್ಟು ತಿಂಗಳಾಗಿತ್ತು. ಪುರಂದರಣ್ಣ ಒಳಗೆ ಹೋದ್ರೆ ಹೊರಗೆ ಬರ್ಲಿಕ್ಕೆ ಇಂಟರ್‌ಕಾಮಿನಲ್ಲಿ ನನ್ನನ್ನೇ ಕರೀಬೇಕು. 'ತೌಫೀಕಾ, ಬಾಗಿಲು ಬಿಡು ಮಾರಾಯ' ಹೇಳುದು. ನಾನು ಈ ಚೌಕದ ಮೇಲೆ ರೈಟ್ ಕ್ಲಿಕ್ ಮಾಡುದು. ಮೆನು ಬೀಳ್ತದೆ."

ಚೌಕದ ಪಕ್ಕ ಅವನು ಸಾಲುಗಳನ್ನು ಬರೆದ. ಮೊದಲು ರೂಮ್ ಡೀಟೇಲ್ಸ್. ಎರಡನೆಯದು ಲೈಟ್ಸ್. ಕೆಳಗೊಂದು ಗೆರೆ. ಮೂರನೆಯದು ಡೋರ್ ರಿಲೀಸ್. ಮತ್ತೊಂದು ಗೆರೆ. ನಾಲ್ಕನೆಯದು ಗ್ಯಾಸ್ ರಿಲೀಸ್.

"ದಿನಕ್ಕೆ ಐವತ್ತು ಸರ್ತಿ ಮೂರನೇದು ಒತ್ತಿದ ಕೈ ಇದು. ಕಣ್ಣು ನೋಡುದಿಲ್ಲ ಅಕ್ಕ, ಕೈಯೇ ಹೋಗ್ತದೆ. ಆಮೇಲೆ 'ಆರ್ ಯು ಶೂರ್' ಅಂತ ಕೇಳ್ತದೆ. ಯಾವುದಕ್ಕೆ ಅಂತ ಹೇಳುದಿಲ್ಲ. ಯೆಸ್ ಒತ್ತಿದೆ. ಸೈರನ್ ಹೊಡೀತು."

ಅಂಗಡಿಯ ಮುಂದುಗಡೆ ಯಾರೋ ಗಿರಾಕಿ ಬ್ಯಾಗಿನ ಚಕ್ರ ಉರುಳಿಸಿ ನೋಡುತ್ತಿದ್ದ ಸದ್ದು.

"ತಿರುಗಿ ರೈಟ್ ಕ್ಲಿಕ್ ಮಾಡಿದೆ. ಡೋರ್ ರಿಲೀಸ್ ಹುಡುಕಿದೆ. ಇಲ್ಲ. ಅಲ್ಲಾಹನ ಆಣೆಗೂ ಇಲ್ಲ. ಎರಡು ಗೆರೆ, ಅದರ ಕೆಳಗೆ ಗ್ಯಾಸ್. ಆಮೇಲೆ ಓಡಿದೆ. ಹೊರಗಿಂದ ತೆರೆಯುವ ಕೀ ಸೂಪರ್‌ವೈಸರ್ ಹತ್ರ ಇತ್ತು. ಅವನು ಊಟಕ್ಕೆ ಹೋಗಿದ್ದ."

"ಇದನ್ನು ಪೊಲೀಸರಿಗೆ ಹೇಳಲಿಲ್ವಾ?"

"ಹೇಳದೆ ಇರ್ತೇನಾ? ಅವರು ಬಂದು ಕಂಪ್ಯೂಟರ್ ನೋಡುವಾಗ ಒಂದು ಗಂಟೆ. ನನ್ನೆದುರೇ ರೈಟ್ ಕ್ಲಿಕ್ ಮಾಡಿದ್ರು. ನಾಲ್ಕೂ ಸಾಲು ಸರಿಯಾಗಿತ್ತು. ಸುಳ್ಳ ಅಂದ್ರು. ಖಲಾಸ್." ಅವನು ಪೆನ್ನನ್ನು ಜೇಬಿಗಿಟ್ಟ. "ನನ್ನ ಉಮ್ಮನೂ ನಂಬ್ಲಿಲ್ಲ. ನೀವು ನಂಬ್ಲೇಬೇಕು ಅಂತ ಇಲ್ಲ."

ಅಶ್ಮಿತಾ ಆ ಎರಡು ಗೆರೆಗಳನ್ನೇ ನೋಡುತ್ತಿದ್ದಳು. ಎರಡೂವರೆ ವರ್ಷ ದಿನವೂ ಶಾಪ ಹಾಕಿದ್ದು ಈ ಮನುಷ್ಯನಿಗೆ. ಆದರೆ ಈತ ಸುಳ್ಳು ಹೇಳುತ್ತಿಲ್ಲ.

ಸುಳ್ಳು ಹೇಳುವವನು 'ಡೋರ್ ರಿಲೀಸ್ ಇರಲಿಲ್ಲ' ಎಂದಷ್ಟೇ ಹೇಳುತ್ತಾನೆ. ಗೆರೆಗಳ ಸುದ್ದಿಗೆ ಹೋಗುವುದಿಲ್ಲ. ಅದು ಮೆನು ಬರೆಯುವವರಿಗೂ, ಅವಳಂತೆ ಮೆನುವಿನ ತಪ್ಪು ಹುಡುಕಿ ಸಂಬಳ ಪಡೆಯುವವರಿಗೂ ಮಾತ್ರ ಗೊತ್ತಿರುವ ವಿಷಯ.

ಮೌಸಿನ ಬಲಗುಂಡಿ ಒತ್ತುವುದಕ್ಕೂ ಮೆನು ತೆರೆಯುವುದಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಚಿಕ್ಕ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಪ್ರೋಗ್ರಾಂ ತನ್ನನ್ನೇ ಕೇಳಿಕೊಳ್ಳುತ್ತದೆ: ಎಲ್ಲಿ ಒತ್ತಿದರು? ಯಾರು ಒತ್ತಿದರು? ಈ ಹೊತ್ತಿಗೆ ಇವರಿಗೆ ಯಾವ ಸಾಲು ತೋರಿಸಲಿ, ಯಾವುದನ್ನು ಅಡಗಿಸಲಿ? ಅಡಗಿಸಿದ ಸಾಲಿನ ಜಾಗ ಖಾಲಿ ಉಳಿಯುವುದಿಲ್ಲ. ಕೆಳಗಿನ ಸಾಲು ಸರಿದು ಅಲ್ಲಿ ಕೂರುತ್ತದೆ. ಆದರೆ ಅದರ ಮೇಲೂ ಕೆಳಗೂ ಇದ್ದ ಗೆರೆಗಳನ್ನು ಬೇರೆಯಾಗಿ ಅಡಗಿಸಬೇಕು. ಮರೆತರೆ ಅವೆರಡೂ ಅಂಟಿಕೊಂಡು ನಿಲ್ಲುತ್ತವೆ.

ಹಾಗಾದರೆ ಯಾರೋ ಅಣ್ಣನ ಬಾಗಿಲನ್ನು ಅಡಗಿಸಿದ್ದರು. ಸಾವನ್ನು ಒಂದು ಮೆಟ್ಟಿಲು ಮೇಲೆ ತಂದು, ತೌಫೀಕ್‌ನ ಕೈಗೆ ಸಿಗುವಲ್ಲಿ ಇಟ್ಟಿದ್ದರು.

"ಆ ಸಾಲನ್ನು ಯಾರೋ ಬೇಕೆಂದೇ ಅಡಗಿಸಿದ್ದಾರೆ," ಎನ್ನುತ್ತ ಅವಳು ಎದ್ದು ನಿಂತಳು. ಕ್ಷಮೆ ಕೇಳಬೇಕೆನಿಸಿತು. ಬರಲಿಲ್ಲ.

"ಅವನು ಸಿಕ್ಕಿದ್ರೆ ಎಂತ ಮಾಡ್ತೀರಿ?" ತೌಫೀಕ್ ಕೇಳಿದ.

"ಕೋರ್ಟಿಗೆ ಕೊಡುದಿಲ್ಲ," ಎಂದಳು ಅಶ್ಮಿತಾ.

*

ಭಾನುವಾರ ಬೆಳಗ್ಗೆ ಏಳು ಗಂಟೆ. ಅಬುಧಾಬಿಯಲ್ಲಿ ವಾರದ ಮೊದಲ ದಿನ. ಟೂರಿಸ್ಟ್ ಕ್ಲಬ್ ಏರಿಯಾದ ಮನೆಯಿಂದ ಖಾಲಿದಿಯಾದ ಆಫೀಸಿಗೆ ಗಂಡ ರೋಷನ್ ಕಾರಿನಲ್ಲಿ ಬಿಟ್ಟ.

"ಶುಕ್ರವಾರದಿಂದ ಮಾತೇ ಇಲ್ಲ ನಿಂದು," ಎಂದ ಸಿಗ್ನಲ್ಲಿನಲ್ಲಿ.

"ತಲೆನೋವು."

"ಅಣ್ಣನ ವಿಷಯ ತಲೆಗೆ ಹಚ್ಚಿಕೊಳ್ಬೇಡ ಅಶ್ಮಿ. ಹೋದವರು ಹೋದ್ರು." ಅವನು ಅವಳ ಕೈ ಮುಟ್ಟಿ ಹೇಳಿದ.

ನೈಫ್‌ಗೆ ಹೋದದ್ದನ್ನು ಅವನಿಗೆ ಹೇಳಿರಲಿಲ್ಲ. ಈ ಆಫೀಸಿಗೆ ಸೇರಿದ ಕಾರಣವನ್ನೂ ಪೂರ್ತಿ ಹೇಳಿರಲಿಲ್ಲ. ಗೋದಾಮಿನ ಆ ಪ್ರೋಗ್ರಾಂ ಬರೆದದ್ದು ಇದೇ ಆಫೀಸು. ನಾಲ್ಕು ತಿಂಗಳ ಹಿಂದೆ ಟೆಸ್ಟರ್ ಬೇಕೆಂಬ ಜಾಹೀರಾತು ಕಂಡಾಗ ಅರ್ಜಿ ಹಾಕಿದ್ದು ಅದಕ್ಕೇ. ಗಂಡನ ಮನೆಹೆಸರಿನಲ್ಲಿ ಸೇರಿದ್ದರಿಂದ ಅವಳು ಪುರಂದರನ ತಂಗಿ ಎಂದು ಯಾರಿಗೂ ತಿಳಿಯಲಿಲ್ಲ.

ಆಫೀಸು ಖಾಲಿಯಿತ್ತು. ಎರಡನೇ ಮಹಡಿಯಲ್ಲಿ ಮೂರು ಕೋಣೆ, ಐದು ಕಂಪ್ಯೂಟರು. ಬ್ಯಾಗು ಕೆಳಗಿಟ್ಟವಳೇ ಹಳೆಯ ಕೋಡ್ ಇಟ್ಟಿರುವ ಸರ್ವರ್ ತೆರೆದಳು.

ಪ್ರೋಗ್ರಾಂ ಬರೆಯುವವರ ಆಫೀಸಿನಲ್ಲಿ ಯಾವುದೂ ಪೂರ್ತಿ ಅಳಿಯುವುದಿಲ್ಲ. ಯಾರು, ಯಾವ ದಿನ, ಯಾವ ಸಾಲು ಬದಲಿಸಿದರು ಎಂಬುದೆಲ್ಲ ಉಳಿಯುತ್ತದೆ. ಪೊಲೀಸರು ಗೋದಾಮಿನ ಕಂಪ್ಯೂಟರ್ ನೋಡಿದ್ದರು. ಇಲ್ಲಿಗೆ ಯಾರೂ ಬಂದಿರಲಿಲ್ಲ.

ಇಪ್ಪತ್ತೇ ನಿಮಿಷ. ಸಿಕ್ಕಿತು.

2013, ಫೆಬ್ರವರಿ 15, ಶುಕ್ರವಾರ. ಮೆನು ತೆರೆಯುವ ಮುನ್ನ ಓಡುವ ಭಾಗಕ್ಕೆ ಆರು ಸಾಲು ಸೇರಿಸಲಾಗಿತ್ತು. ಒತ್ತಿದ್ದು ನಾಲ್ಕನೇ ಕೋಣೆಯ ಮೇಲಾದರೆ, ದಿನ ಗುರುವಾರವಾದರೆ, ಹೊತ್ತು ಹನ್ನೊಂದರಿಂದ ಹನ್ನೆರಡರೊಳಗಾದರೆ, ಡೋರ್ ರಿಲೀಸ್ ಅಡಗಿಸು. ಹೀಗೆ ಬದಲಿಸಿದ ಪ್ರೋಗ್ರಾಂ ಗೋದಾಮಿಗೆ ಹಾಕಿದ್ದು ಬುಧವಾರ. ಅಣ್ಣ ಸತ್ತದ್ದು ಮರುದಿನ, ಗುರುವಾರ ಹನ್ನೊಂದೂಕಾಲು. ಒಂದು ಗಂಟೆಗೆ ಪೊಲೀಸರು ಒತ್ತಿದಾಗ ಮೆನು ತಾನಾಗಿಯೇ ಸಾಧುವಾಗಿತ್ತು. ಮತ್ತೊಂದು ಶುಕ್ರವಾರ ಆ ಆರೂ ಸಾಲು ಮಾಯ.

ಸೇರಿಸಿದವರ ಹೆಸರು, ತೆಗೆದವರ ಹೆಸರು ಒಂದೇ: ಅಗಾತಾ.

ಅಶ್ಮಿತಾ ಆ ಹೆಸರನ್ನು ನೋಡುತ್ತ ಕೂತಳು. ಅವಳಿಗೆ ಮೆನುವಿನ ತಪ್ಪು ಹುಡುಕುವುದನ್ನು ಬೆರಳು ಹಿಡಿದು ಕಲಿಸಿದ ಅಗಾತಾ ಮೇಡಂ. ಊಟದ ಡಬ್ಬಿಯಿಂದ ಅರ್ಧ ಮೀನು ಅವಳ ತಟ್ಟೆಗೆ ಹಾಕುತ್ತಿದ್ದ ಹೆಂಗಸು. ಆ ಮೀನಿನ ರುಚಿ ಈಗ ಬಾಯಿಗೆ ಬಂತು.

ಎರಡು ಹಾಳೆ ಪ್ರಿಂಟ್ ತೆಗೆದಳು. ಕಾದಳು.

*

ಏಳೂ ಮುಕ್ಕಾಲಿಗೆ ಅಗಾತಾ ಬಂದಳು. ನಲವತ್ತೆಂಟರ ಹೊನ್ನಾವರದ ಹೆಂಗಸು, ಕೊರಳಲ್ಲಿ ಕನ್ನಡಕದ ದಾರ, ಕೈಯಲ್ಲಿ ಕರಕ್ ಚಹಾದ ಕಾಗದದ ಲೋಟ. ಅವಳು ತನ್ನ ಕುರ್ಚಿ ತಲುಪಿದ ಮೇಲೆ ಅಶ್ಮಿತಾ ಎದ್ದು ಹೋಗಿ ಆಫೀಸಿನ ಬಾಗಿಲಿಗೆ ಬೀಗ ಹಾಕಿ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಎಂತಕ್ಕೆ ಬಾಗಿಲು ಹಾಕಿದೆ?"

"ನನ್ನ ಅಣ್ಣನಿಗೂ ಹೀಗೇ ಹಾಕಿದ್ದಲ್ವಾ ಮೇಡಂ, ನೀವು."

ಅಗಾತಾ ನಕ್ಕಳು, ತಮಾಷೆ ಇರಬೇಕೆಂದು. ಅಶ್ಮಿತಾಳ ಮುಖ ನೋಡಿ ನಗು ಅಲ್ಲೇ ನಿಂತಿತು.

"ಪುರಂದರ," ಎಂದಳು ಅಶ್ಮಿತಾ. "ನಾಲ್ಕನೇ ಕೋಣೆ. ನಾನು ಅವನ ತಂಗಿ."

ಚಹಾದ ಲೋಟ ಮೇಜಿನ ಅಂಚಿಗೆ ತಾಗಿ ಉರುಳಿತು. ಅಗಾತಾ ಒರೆಸಲು ಹೋಗಲಿಲ್ಲ.

"ದೇವಾ," ಎಂದಳು ಮೆಲ್ಲಗೆ. "ಮೊದಲೇ ಯಾಕೆ ಹೇಳಲಿಲ್ಲ ನೀನು?"

"ಹೇಳಿದ್ದರೆ ಇದು ಸಿಗ್ತಿತ್ತಾ?" ಅಶ್ಮಿತಾ ಹಾಳೆಗಳನ್ನು ಅವಳ ಎದೆಗೆ ಎಸೆದಳು. "ಓದಿ. ನಿಮ್ಮ ಹೆಸರು ಉಂಟು. ತೌಫೀಕ್ ಹದಿನಾಲ್ಕು ತಿಂಗಳು ಒಳಗಿದ್ದ. ನೀವು ಇಲ್ಲಿ ಕೂತು ಚಹಾ ಕುಡಿದ್ರಿ."

ಅಗಾತಾ ಕನ್ನಡಕ ಏರಿಸಿ ಓದಿದಳು. ಅವಳ ತುಟಿಯ ಬಣ್ಣ ಇಳಿಯಿತು.

"ಇದು ನಾನು ಬರೆದದ್ದಲ್ಲ."

"ಎಲ್ಲ ಕೊಲೆಗಾರರೂ ಹಾಗೇ ಹೇಳುದು."

"ಹುಡುಗೀ, ಇಪ್ಪತ್ತು ವರ್ಷದಿಂದ ಪ್ರೋಗ್ರಾಂ ಬರೀತಿದ್ದೇನೆ. ಸಾಲು ಅಡಗಿಸಿ ಗೆರೆ ಬಿಡ್ತೇನಾ? ಹೋದ ತಿಂಗಳು ಜೋಡಿ ಗೆರೆ ಇದೆ ಅಂತ ಪ್ರೋಗ್ರಾಮಿನ ಇಡೀ ವರ್ಷನ್ ತಿರುಗಿಸಿ ಕಳಿಸಿದ್ದು ಯಾರು?"

"ಕೊಲ್ಲುವವರಿಗೆ ಅಂದಚಂದ ಯಾಕೆ ಮೇಡಂ?"

ಅಗಾತಾಳ ಬೆರಳು ಹಾಳೆಯ ಮೇಲೆ ಒಂದು ಪದದ ಹತ್ತಿರ ನಿಂತಿತ್ತು. ಮೂರು ಷರತ್ತುಗಳ ಫಲವನ್ನು ಇಟ್ಟುಕೊಳ್ಳಲು ಬರೆದವರು ಕೊಟ್ಟ ಹೆಸರು ಅದು. ಇಂಗ್ಲಿಷ್ ಅಕ್ಷರಗಳಲ್ಲಿತ್ತು.

"ಇದು ಎಂತ? ಬಾ... ಬಾಕಿಲ... ಪಾಡ್? ಯಾವ ಶಬ್ದ ಇದು?"

"ಬಾಕಿಲ್ ಪಾಡ್. ಬಾಗಿಲು ಹಾಕು ಅಂತ," ಎಂದಳು ಅಶ್ಮಿತಾ ಸಿಟ್ಟಿನಲ್ಲೇ.

ಹೇಳಿದ ಮೇಲೆ ಅವಳ ಬಾಯಿ ತೆರೆದೇ ಉಳಿಯಿತು.

ಬೆಳಗ್ಗಿನಿಂದ ಆ ಪದವನ್ನು ಹತ್ತು ಸಲ ಓದಿದ್ದಳು. ಒಮ್ಮೆಯೂ ತಡವರಿಸಿರಲಿಲ್ಲ. ಮನೆಯಲ್ಲಿ ದಿನವೂ ಆಡುವ ಮಾತು. ತುಳು. ಕಣ್ಣು ಅದನ್ನು ಗಾಜಿನ ಹಾಗೆ ದಾಟಿಹೋಗಿತ್ತು.

ಅಗಾತಾಳಿಗೆ ತುಳು ಬಾರದು. ಹೊನ್ನಾವರದ ಕೊಂಕಣಿ, ಕನ್ನಡ, ಅಷ್ಟೇ. ಆಫೀಸಿನ ಹುಡುಗರು ತುಳುವಿನಲ್ಲಿ ಹರಟಿದರೆ 'ನನ್ನನ್ನೇ ಬೈತಿದ್ದೀರಿ ಅಲ್ಲವಾ' ಎಂದು ಎಷ್ಟೋ ಸಲ ರೇಗಿದ್ದಳು.

"ಮೇಡಂ," ಅಶ್ಮಿತಾಳ ದನಿ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. "ನಿಮ್ಮ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ರಿ?"

ಅಗಾತಾ ಕುರ್ಚಿಯಲ್ಲಿ ಕುಸಿದಳು.

"ಒಬ್ಬ ಇದ್ದ. ರಾಜ್ ಅಂತ ಕರೀತಿದ್ದೆವು. ಅವನ ವೀಸಾ ಬೇರೆ ಕಂಪನಿದು. ಇಲ್ಲಿ ಕೆಲಸ ಮಾಡೋದು ಗೊತ್ತಾದರೆ ಅವನನ್ನೂ ನಮ್ಮನ್ನೂ ಹಿಡಿದು ಊರಿಗೆ ಕಳಿಸ್ತಿದ್ರು. ಹಾಗಾಗಿ ನಿಜವಾದ ಹೆಸರು ಯಾರೂ ಕೇಳಲಿಲ್ಲ. ಶುಕ್ರವಾರ ಮಾತ್ರ ಬರ್ತಿದ್ದ, ಆಫೀಸಿಗೆ ರಜೆ ಇರುವಾಗ. ನನ್ನ ಕಂಪ್ಯೂಟರ್, ನನ್ನ ಪಾಸ್‌ವರ್ಡ್. ಮೆನು ಕೆಲಸ ಎಲ್ಲ ಅವನದೇ."

"ಅಣ್ಣ ಸತ್ತ ಮೇಲೆ?"

"ಒಂದೇ ಸಲ ಬಂದ. ಮತ್ತೆ ಕಾಣಲಿಲ್ಲ."

"ನಿಮಗೆ ಸಂಶಯ ಬರಲಿಲ್ವಾ?"

ಅಗಾತಾ ತಲೆ ತಗ್ಗಿಸಿದಳು. "ಬಂತು. ನೋಡಲಿಕ್ಕೆ ಹೆದರಿಕೆ ಆಯ್ತು. ನೋಡಿದ್ದರೆ ಪೊಲೀಸರಿಗೆ ಹೇಳಬೇಕಿತ್ತು. ಹೇಳಿದ್ದರೆ ಮೊದಲು ಜೈಲಿಗೆ ಹೋಗೋದು ಪಾಸ್‌ವರ್ಡ್ ಕೊಟ್ಟ ನಾನು. ನನಗೆ ಎರಡು ಮಕ್ಕಳು, ಅಶ್ಮಿತಾ."

"ತೌಫೀಕ್‌ನ ತಾಯಿಗೆ ಅವನೂ ಮಗನೇ."

ಆ ಮಾತಿಗೆ ಅಗಾತಾ ಅತ್ತಳು. ಅಶ್ಮಿತಾ ನೋಡುತ್ತ ನಿಂತಳು. ಕನಿಕರ ಬರಲಿಲ್ಲ. ಅಳಲಿ. ಇನ್ನೂ ಅಳಲಿ.

"ಆ ಗುರುವಾರ ನಾನು ಅಲ್ಲೇ ಇದ್ದೆ," ಎಂದಳು ಅಗಾತಾ ಕಣ್ಣೊರೆಸಿಕೊಂಡು. "ಹೊಸ ವರ್ಷನ್ ಸರಿ ನಡೀತದಾ ನೋಡಲಿಕ್ಕೆ ಹೋಗಿದ್ದೆ. ನಿನ್ನ ಅಣ್ಣ ನಾಲ್ಕನೇ ಕೋಣೆ ಮುಂದೆ ನಿಂತು ಮೊಬೈಲಲ್ಲಿ ಮಾತಾಡ್ತಿದ್ದ. ನಿಮ್ಮ ಭಾಷೆ. ಅರ್ಥ ಆಗಲಿಲ್ಲ. ಆದರೆ ಅವನು ಕಡೆಗೆ ಆಡಿದ ಮಾತು ಕಿವಿಯಲ್ಲೇ ಕೂತಿದೆ. ಎರಡೂವರೆ ವರ್ಷ ಆಯ್ತು, ಜಪದ ಹಾಗೆ ಬರ್ತದೆ. ಯಾರ ಹತ್ರವೂ ಅರ್ಥ ಕೇಳುವ ಧೈರ್ಯ ಆಗಲಿಲ್ಲ."

"ಹೇಳಿ."

ಅಗಾತಾ ಕಣ್ಣು ಮುಚ್ಚಿದಳು. ಗೊತ್ತಿಲ್ಲದ ಭಾಷೆಯ ಮಂತ್ರ ಹೇಳುವವರಂತೆ ಒಂದೊಂದೇ ಪದ ಎತ್ತಿಟ್ಟಳು.

"ಈರ್... ಪಂಡಿಲೆಕ್ಕನೆ... ಉಲಾಯಿ ಪೋಪೆ... ಬಾವಾ."

ನೀವು ಹೇಳಿದ ಹಾಗೇ ಒಳಗೆ ಹೋಗ್ತೇನೆ, ಭಾವ.

ಅಶ್ಮಿತಾ ಮೇಜಿನ ಅಂಚು ಹಿಡಿದುಕೊಂಡಳು.

"ಎಂತ ಹೇಳಿದ್ದು? ಭಾವ ಅಂತ ಯಾರನ್ನೋ ಕರೆದದ್ದಾ? ನಿಮ್ಮ ಕಡೆ ಸ್ನೇಹಿತರನ್ನೂ ಭಾವ ಅಂತಾರಲ್ಲ?" ಎಂದಳು ಅಗಾತಾ.

ಕರೆಯುತ್ತಾರೆ. ಊರೆಲ್ಲ ಕರೆಯುತ್ತದೆ. ಆದರೆ ಪುರಂದರ ಕರೆಯುತ್ತಿರಲಿಲ್ಲ. ಸಂಬಂಧದ ಮಾತನ್ನು ಬೀದಿಗೆ ಹಾಕಬಾರದು ಎನ್ನುತ್ತಿದ್ದ ಮನುಷ್ಯ. ಅವನಿಗಿದ್ದವಳು ಒಬ್ಬಳೇ ತಂಗಿ. 2012ರ ಮೇ ತಿಂಗಳಲ್ಲಿ ಅವಳನ್ನು ಧಾರೆ ಎರೆದು ಕೊಟ್ಟ ಮೇಲೆ, ಈ ಲೋಕದಲ್ಲಿ ಅವನು ಭಾವ ಎಂದು ಕರೆದದ್ದು ಒಬ್ಬನನ್ನೇ.

ಆ ಭಾವನೂ ಪ್ರೋಗ್ರಾಂ ಬರೆಯುವವನೇ. ಆ ಚಳಿಗಾಲವೆಲ್ಲ ಶುಕ್ರವಾರ ಕ್ರಿಕೆಟ್ಟು ಎಂದು ಹೇಳಿ ಮನೆಯಿಂದ ಹೊರಡುತ್ತಿದ್ದವನು. ಹೆಣ ಊರಿಗೆ ಕಳಿಸುವ ಕಾಗದಪತ್ರಕ್ಕೆಲ್ಲ ಓಡಾಡಿದವನು. ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕೂತು ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡವನು.

ಆ ಹೆಗಲಿನ ಮೇಲೆ ಅವಳು ಅತ್ತಿದ್ದಳು.

"ಅಶ್ಮಿತಾ? ನಿನಗೆ ಗೊತ್ತುಂಟಾ ಅದು ಯಾರಂತ?"

"ಇಲ್ಲ," ಎಂದಳು ಅಶ್ಮಿತಾ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ. ಗೊತ್ತು ಎಂದರೆ ಪೊಲೀಸರು ಬರುತ್ತಾರೆ. ಅವನು ಅವರ ಪಾಲಾಗುತ್ತಾನೆ. ಅಣ್ಣನನ್ನು ಯಾಕೆ ಕೊಂದನೆಂದು ಅವಳು ಅವನ ಬಾಯಿಂದಲೇ ಕೇಳಬೇಕಿತ್ತು.

ಅಷ್ಟರಲ್ಲಿ ಅವಳ ಮೊಬೈಲು ಮೇಜಿನ ಮೇಲೆ ಕಂಪಿಸಿತು. ಪರದೆಯಲ್ಲಿ ಗಂಡನ ಮದುವೆಯ ದಿನದ ನಗು.

ಎರಡು ಸಲ ಉಸಿರೆಳೆದುಕೊಂಡು ಅವಳು ಸ್ಪೀಕರ್ ಒತ್ತಿದಳು.

"ಅಶ್ಮಿ, ನಿನ್ನ ಟಿಫಿನ್ ಕಾರಿನಲ್ಲೇ ಉಳಿದಿದೆ ನೋಡು. ನನ್ನ ಆಫೀಸು ಮುಟ್ಟಿದ ಮೇಲೆ ಕಂಡಿತು, ತಿರುಗಿ ಬಂದೆ. ಕೆಳಗೆ ಬರ್ತೀಯಾ?"

ಅಗಾತಾಳ ಕೈ ಬಾಯಿಗೆ ಹೋಯಿತು. ಕುರ್ಚಿಯ ಸಮೇತ ಒಂದಡಿ ಹಿಂದಕ್ಕೆ ಸರಿದಳು. ತುಟಿಗಳು ಮಾತ್ರ ಒಂದು ಹೆಸರು ಆಡಿದವು: ರಾಜ್.

ಅಶ್ಮಿತಾ ಅವಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದಳು.

"ನನಗೆ ಇಳಿಯಲಿಕ್ಕೆ ಆಗುದಿಲ್ಲ. ತುಂಬ ತಲೆನೋವು. ನೀವೇ ಮೇಲೆ ತಂದು ಕೊಡಿ."

ಫೋನಿನಲ್ಲಿ ಕಾರಿನ ಇಂಡಿಕೇಟರ್ ಸದ್ದು ಮಾತ್ರ ಕೇಳಿಸಿತು. ಟಿಕ್, ಟಿಕ್, ಟಿಕ್. ನಾಲ್ಕು ತಿಂಗಳಲ್ಲಿ ಅವನು ಒಮ್ಮೆಯೂ ಈ ಮೆಟ್ಟಿಲು ಹತ್ತಿರಲಿಲ್ಲ.

"ಮೇಲೆ ಯಾರಿದ್ದಾರೆ?"

"ಯಾರೂ ಇಲ್ಲ. ನಾನೊಬ್ಬಳೇ."

"ಅಗಾತಾ ಬರಲಿಲ್ವಾ ಇನ್ನೂ?"

ಮನೆಯಲ್ಲಿ ಅಶ್ಮಿತಾ ಆ ಹೆಸರನ್ನು ಒಂದು ದಿನವೂ ಎತ್ತಿರಲಿಲ್ಲ. ಅವಳ ಬಾಯಲ್ಲಿ ಯಾವಾಗಲೂ 'ನಮ್ಮ ಮೇಡಂ' ಅಷ್ಟೇ.

ಆಚೆಗೂ ಅದು ಹೊಳೆದಿರಬೇಕು. ಇಂಡಿಕೇಟರ್ ಸದ್ದು ನಿಂತಿತು. ಎಂಜಿನ್ ಆರಿತು. ಕಾರಿನ ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು.

"ಬಂದೆ," ಎಂದ ರೋಷನ್. ಆ ದನಿಯಲ್ಲಿ ಟಿಫಿನ್ನಿನ ಚಿಂತೆ ಇರಲಿಲ್ಲ.

"ಪೊಲೀಸರಿಗೆ ಫೋನ್ ಮಾಡು," ಅಗಾತಾ ಪಿಸುಗುಟ್ಟಿದಳು. "ದಮ್ಮಯ್ಯ, ಬಾಗಿಲು ಮಾತ್ರ ತೆರೀಬೇಡ."

ಅಶ್ಮಿತಾ ಅವಳನ್ನು ತೋಳು ಹಿಡಿದು ಎಬ್ಬಿಸಿ ಒಳಗಿನ ಕೋಣೆಗೆ ನೂಕಿ ಚಿಲಕ ಹಾಕಿದಳು. ಮೇಜಿನ ಡ್ರಾಯರಿನಲ್ಲಿ ಕಾಗದ ಕತ್ತರಿಸುವ ಉದ್ದನೆಯ ಕತ್ತರಿಯಿತ್ತು. ಅದನ್ನು ದುಪಟ್ಟಾದ ಕೆಳಗೆ ಹಿಡಿದು, ಹೊರಬಾಗಿಲಿನ ಬೀಗ ತೆಗೆದಳು.

ಲಿಫ್ಟು ಎರಡನೇ ಮಹಡಿಯಲ್ಲಿ ನಿಂತಿತು. ಅದರ ಬಾಗಿಲು ಸರಿಯಿತು.

ರೋಷನ್‌ನ ಕೈಯಲ್ಲಿ ಟಿಫಿನ್ ಇರಲಿಲ್ಲ.